ನಿಲ್ಲಿಸದ ಸರ್ವರ್

ಹೇಳಿಬಿಡಲೇ, ಬೇಡವೇ? ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಧರಣೇಂದ್ರನಿಗೆ ತೋಚಲಿಲ್ಲ. ತಮ್ಮ ತಂದೆಯ ವೈಕುಂಠ ಸಮಾರಾಧನೆ ಮುಗಿಸಿ ಬಂದ ಆಸ್ಪತ್ರೆಯ ಮ್ಯಾನೇಜರ್ ವನಮಾಲಾ ಅವನೆದುರು ನಿಂತಿದ್ದರು.

"ನಮ್ಮ ವೆಬ್‌ಸೈಟಿಗೆ ಆಂಬುಲೆನ್ಸಿನ ಹೊಸ ನಂಬರ್ ಹಾಕಿ ನನಗೇ ತೋರಿಸಿದ್ರಲ್ಲ! ಅದೇ ರಾತ್ರಿ ಅಪ್ಪ ಅದರಲ್ಲಿ ಕರೆ ಬಟನ್ ಒತ್ತಿದ್ರೆ ಫೋನು ಹಳೇ ನಂಬರಿಗೆ ಹೋಯ್ತು, ಆಂಬುಲೆನ್ಸ್ ಬರ್ಲೇ ಇಲ್ಲ. ಹೇಗ್ರೀ?"

"ತೋರಿಸಿದ್ದು ನನ್ನ ಲ್ಯಾಪ್‌ಟಾಪಲ್ಲಿ, ಮೇಡಂ. ಅಲ್ಲಿ ಬದಲಾಯಿಸಿದ ತಕ್ಷಣ ಹೊಸದು ಬರುತ್ತೆ. ಆಸ್ಪತ್ರೆಯ ಸರ್ವರ್ ಶುರುವಾಗುವಾಗ ಓದಿಕೊಂಡಿದ್ದನ್ನೇ ಇಟ್ಕೊಂಡಿರುತ್ತೆ. ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು."

"ಮತ್ತೆ ಮಾಡ್ಲಿಲ್ಲ ಯಾಕೆ?"

"ಮರೆತೆ."

"ಮರೆತ್ರಾ? ನಮ್ಮಪ್ಪನ್ನ ಕೊಂದ್ಬಿಟ್ರಲ್ರೀ!"

ಅವನು ತಲೆ ತಗ್ಗಿಸಿದ. ಅಂದು ಸಂಜೆ ಅನುಮತಿ ಕೇಳಲು ಹೋದಾಗ, "ರೋಗಿಗಳಿಗೆ ಟೋಕನ್ ಕೊಡೋ ಹೊತ್ತಲ್ಲಿ ಸರ್ವರ್ ನಿಲ್ಲಿಸ್ತೀರಾ? ನಾಳೆ ನೋಡೋಣ, ಹೋಗ್ರೀ" ಎಂದು ಗದರಿದ್ದು ವನಮಾಲಾ ಅವರೇ ಎಂಬುದನ್ನು ಅವನು ಎಂದೂ ಹೇಳಲಿಲ್ಲ.