ಏಳರ ತಾಯಿ

ಕಂಪ್ಯೂಟರು ಮೂರನೇ ಸಲವೂ ಅದನ್ನೇ ಹೇಳಿತು: ಲೆಕ್ಕ ಮುಗಿಯುತ್ತಿಲ್ಲ, ನಿಲ್ಲಿಸಲಾಗಿದೆ. ಮಗಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಸಂಜೆ ನಾಲ್ಕಕ್ಕೆ ಸಸ್ಯೋದ್ಯಾನದ ವ್ಯಾನು ಬರುವುದಿತ್ತು. ಅಪ್ಪ ಹೋದ ಮೇಲೆ ನರ್ಸರಿಯ ಗುಲಾಬಿಗಳನ್ನೆಲ್ಲ ಅಲ್ಲಿಗೇ ಕೊಟ್ಟುಬಿಡುವುದೆಂದು ಅಮ್ಮ, ಮಗಳು ಮಾತಾಡಿಕೊಂಡಿದ್ದರು. ಆದರೆ ಒಂದೊಂದು ಗಿಡದ ಮೂಲವನ್ನೂ ಬರೆದುಕೊಟ್ಟರೆ ಮಾತ್ರ ಒಯ್ಯುತ್ತೇವೆ ಎಂದು ಉದ್ಯಾನದವರು ಪಟ್ಟು ಹಿಡಿದಿದ್ದರು.

ಅಪ್ಪನ ನೋಟ್‌ಬುಕ್ಕಿನಲ್ಲಿ ಪ್ರತಿ ಗಿಡಕ್ಕೂ ಒಂದು ನಂಬರು. ಅದರ ಮುಂದೆ, ಅದು ಯಾವ ಗಿಡದ ಕಡ್ಡಿಯಿಂದ ಬಂದದ್ದೋ ಆ ತಾಯಿಗಿಡದ ನಂಬರು. ಅಷ್ಟನ್ನೂ ಡೇಟಾಬೇಸಿಗೆ ಹಾಕಿ ಅವಳೊಂದು ಫಂಕ್ಷನ್ ಬರೆದಿದ್ದಳು. ಅದರ ಕೆಲಸ ಇಷ್ಟೇ: ಗಿಡದ ತಾಯಿ ಯಾರು ನೋಡು; ಸಿಕ್ಕರೆ ಆ ತಾಯಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳು; ತಾಯಿಯ ಜಾಗ ಖಾಲಿ ಇದ್ದಲ್ಲಿ ನಿಲ್ಲು. ಅದು ನಿಲ್ಲುತ್ತಲೇ ಇರಲಿಲ್ಲ.

ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದ ಮೇಲೆ ಸಿಕ್ಕಿತು. ಮೂವತ್ತೊಂದರ ತಾಯಿ ಏಳು. ಏಳರ ತಾಯಿ ಮೂವತ್ತೊಂದು. ಆ ಎರಡನೆಯದು ಮಾತ್ರ ಬೇರೆ ಶಾಯಿಯಲ್ಲಿತ್ತು.

ಅಮ್ಮ ಅಂಗಳದಲ್ಲಿ ಕೂತು ಬೇರಿನ ಮಣ್ಣಿಗೆ ಗೋಣಿತಟ್ಟು ಸುತ್ತುತ್ತಿದ್ದಳು. ಮಗಳು ನೋಟ್‌ಬುಕ್ಕನ್ನು ಅವಳ ಮುಂದೆ ಹಿಡಿದಳು.

“ಅಪ್ಪ ಇಲ್ಲಿ ತಪ್ಪು ಬರ್ದಿದಾರೆ ನೋಡಮ್ಮ. ಮಗಳ ಹೊಟ್ಟೇಲಿ ತಾಯಿ ಹುಟ್ಟಿದಾಳೆ.”

“ತಪ್ಪಲ್ಲ ಕಣೇ,” ಎಂದಳು ಅಮ್ಮ. “ಏಳು ನಿಮ್ಮಜ್ಜಿ ನೆಟ್ಟಿದ್ದು. ನೀನು ಹುಟ್ಟಿದ ವರ್ಷ ಗೆದ್ದಲು ಹಿಡಿದು ಒಣಗಿಹೋಯ್ತು. ಅಜ್ಜಿಗೆ ಆಗ್ಲೇ ಕಣ್ಣು ಕಾಣ್ತಿರಲಿಲ್ಲ. ಆದ್ರೂ ದಿನಾ ಬೆಳಗ್ಗೆ ಗೋಡೆ ಹಿಡ್ಕೊಂಡು ಬಂದು ಅದನ್ನ ಮುಟ್ಟಿ ಹೋಗೋರು. ಹೇಳೋಕೆ ನಿಮ್ಮಪ್ಪಂಗೆ ಬಾಯಿ ಬರಲಿಲ್ಲ. ಮೂವತ್ತೊಂದರ ಕಡ್ಡಿಯಿಂದ ಮಾಡಿದ್ದ ಸಸಿ ತಂದು ಅದೇ ಗುಂಡೀಲಿ ನೆಟ್ರು. ನಂಬರೂ ಅದೇ ಇಟ್ರು.”

ಮಗಳಿಗೆ ಅಪ್ಪನ ಹೆಗಲ ಮೇಲಿನ ಸವಾರಿ ನೆನಪಾಯಿತು. ಗಿಡಗಳ ನಡುವೆ ನಡೆಯುತ್ತ ಅಪ್ಪ ಕೇಳುತ್ತಿದ್ದರು: ಇದರ ಅಮ್ಮ ಯಾರು? ಅದರ ಅಮ್ಮ? ಅದರಮ್ಮನ ಅಮ್ಮ? ಏಳು ಎಂದ ಕೂಡಲೇ, “ಸಾಕು, ನಡಿ, ಹಸಿವಾಯ್ತು” ಎಂದು ಮನೆಯ ಕಡೆ ತಿರುಗಿಬಿಡುತ್ತಿದ್ದರು. ಏಳರ ಅಮ್ಮ ಯಾರೆಂದು ಒಂದು ದಿನವೂ ಕೇಳಿದವರಲ್ಲ. ಹಸಿವೆಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಒಳಗೆ ಹೋಗಿ ಫಂಕ್ಷನ್ನಿಗೆ ಇನ್ನೊಂದು ಸಾಲು ಸೇರಿಸಿದಳು: ಏಳು ಬಂದರೆ ನಿಲ್ಲು. ಈ ಸಲ ತಕರಾರಿಲ್ಲದೆ ಓಡಿತು. ಮೂಲದ ಕಾಲಮ್ಮು ಮೇಲಿಂದ ಕೆಳಗಿನವರೆಗೆ ತುಂಬಿಕೊಂಡಿತು. ಪಟ್ಟಿಯನ್ನು ಪ್ರಿಂಟು ತೆಗೆದು, ಮಡಚಿ, ಮತ್ತೆ ಅಂಗಳಕ್ಕೆ ಬಂದಳು.

“ಅಜ್ಜಿಗೆ ಕೊನೇವರೆಗೂ ಗೊತ್ತಾಗ್ಲೇ ಇಲ್ವಾ?”

ಅಮ್ಮ ಹುರಿ ಎಳೆದು ಗಂಟು ಬಿಗಿದಳು.

“ಹಳೇ ಗಿಡ ಅವರ ಎದೆಮಟ್ಟ ಇತ್ತು. ಮೊದಲನೇ ದಿನ ಅವರು ಚಾಚಿದ ಕೈ ಗಾಳೀಲೇ ನಿಂತ್ಕೊಳ್ತು. ನಿಮ್ಮಪ್ಪ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ರು. ಅಜ್ಜಿ ಏನೂ ಕೇಳಲಿಲ್ಲ. ಮಾರನೇ ದಿನದಿಂದ ಬಗ್ಗಿ ಮುಟ್ಟೋಕೆ ಶುರು ಮಾಡಿದ್ರು.”