ಹದಿನೇಳನೆಯ ಮನೆಯ ನೀರು

"ಈ ಪೈಪು ಎಲ್ಲಿಂದ ಬಂತಮ್ಮಾ ರೇಣುಕಾ?" ಎನ್ನುತ್ತ ನರಸಿಂಹಮೂರ್ತಿ ಹೂವಿನ ಬುಟ್ಟಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕಿದರು. ವಿಶಾಖಪಟ್ಟಣದ ಗಾಜುವಾಕದ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ಭಾನುವಾರ ಬೆಳಿಗ್ಗೆ, ರೇಣುಕಾ ಕಾಬಾಳೆ ಗಿಡಗಳ ಒಣಗಿದ ಎಲೆ ಸವರುತ್ತಿದ್ದಳು. ಎಲೆ ಬಿದ್ದ ಜಾಗದಲ್ಲಿ ಬೂದು ಬಣ್ಣದ ಪೈಪೊಂದು ಮೂತಿ ತೋರಿಸಿಬಿಟ್ಟಿತ್ತು.

"ವಾಚ್‌ಮನ್ ರೂಮಿಂದು ಸಾರ್. ಡಿಸೆಂಬರ್‌ದಾಗ ನಾನೇ ಜೋಡಿಸಿದೆ."

ಮೂರ್ತಿಗಳ ಮುಖ ಹುಳ್ಳಗಾಯಿತು. ಆ ತೊಟ್ಟಿಯೊಳಗೆ ಇದ್ದದ್ದು ಜಲ್ಲಿ, ಮರಳು, ಕಾಬಾಳೆಯ ಬೇರು, ಅಷ್ಟೇ. ಹದಿನಾರು ಮನೆಗಳ ಸ್ನಾನದ ನೀರು, ಬಟ್ಟೆ ಒಗೆದ ನೀರು ಒಂದು ತುದಿಯಿಂದ ಹೊಕ್ಕು, ಬೇರುಗಳ ನಡುವೆ ನಿಧಾನವಾಗಿ ಸಾಗಿ, ಇನ್ನೊಂದು ತುದಿಯಲ್ಲಿ ತಿಳಿಯಾಗಿ ಹೊರಬಂದು ಹೂಗಿಡಗಳಿಗೆ ಹರಿಯುತ್ತಿತ್ತು. ಕಾರ್ಖಾನೆಯೊಂದರಲ್ಲಿ ಕೊಳೆನೀರು ಶುದ್ಧಿ ಮಾಡಿಸುವ ಎಂಜಿನಿಯರ್ ರೇಣುಕಾ ಎರಡು ವರ್ಷ ತನ್ನ ರಜಾದಿನಗಳನ್ನೆಲ್ಲ ಸುರಿದು ಕಟ್ಟಿಸಿದ್ದಳು. ಬಂದರಿನ ನೌಕರಿ ಮುಗಿಸಿ ಈಗ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದ ಮೂರ್ತಿಗಳು ಬಂದ ನೆಂಟರಿಗೆಲ್ಲ ಅದನ್ನು ತಾವೇ ಕಟ್ಟಿಸಿದಂತೆ ತೋರಿಸುತ್ತಿದ್ದರು.

"ಅದನ್ನ ಬೇರೆ ಕಡೆ ತಿರುಗಿಸಿಬಿಡಮ್ಮ. ಇಲ್ಲಿನ ಹೂವು ದೇವರಿಗೆ ಹೋಗುತ್ತೆ."

ರೇಣುಕಾಗೆ ನೆತ್ತಿ ಉರಿಯಿತು. "ಹದಿನಾರು ಮನೆಯೋರ ಮೈ ಕೊಳೆ, ಕೂದಲು, ಬಾಯಿ ಮುಕ್ಕಳಿಸಿ ಉಗಿದಿದ್ದು, ಎಲ್ಲಾ ಇದ್ರಾಗೇ ಬೀಳ್ತೈತಿ ಸಾರ್. ಆವಾಗ ಹೂವಿಗೆ ಏನೂ ಆಗ್ಲಿಲ್ಲ. ಹದಿನೇಳನೇದು ಸೇರಿದ ಕೂಡ್ಲೇ ಕೆಟ್ಟು ಹೋತಾ?"

"ನನಗೇನೂ ಇಲ್ಲಮ್ಮ, ನಾನು ಅದನ್ನೆಲ್ಲ ನಂಬೋನೇ ಅಲ್ಲ. ಆದ್ರೆ ನಾಳೆ ಎಲ್ಲಾ ಮನೆಯೋರೂ ಕೇಳ್ತಾರಲ್ಲ, ಅವರು ಯಾವ ಜನ, ಏನು ಅಂತ."

ನಂಬುವವರಿಗಿಂತ, ತಾವು ನಂಬದ್ದನ್ನು ಊರವರ ಹೆಸರು ಹೇಳಿ ಮಾಡಿಸುವವರನ್ನು ಕಂಡರೇ ರೇಣುಕಾಗೆ ಮೈಯೆಲ್ಲ ಉರಿ. ಅದೂ ಇದೆಲ್ಲ ನಡೆಯುತ್ತಿದ್ದದ್ದು ಕಮಲಾಕ್ಷಿಯ ಎದುರಿಗೆ. ವಾಚ್‌ಮನ್ ಲಿಂಗರಾಜುವಿನ ಹೆಂಡತಿ ಆಕೆ, ನಾಲ್ಕು ಮಾರು ದೂರದಲ್ಲಿ ಕಸ ಗುಡಿಸುತ್ತಿದ್ದಳು. ಮಾತು ಕನ್ನಡದಲ್ಲಿತ್ತಲ್ಲ, ತೆಲುಗಿನ ಆಕೆಗೆ ತಿಳಿಯದೆಂದು ಯಾರಿಗೂ ಅಳುಕಿರಲಿಲ್ಲ. ವಿಶಾಖಪಟ್ಟಣಕ್ಕೆ ಬಂದ ಕನ್ನಡದವರ ಹಳೆಯ ಚಾಳಿ ಇದು: ಲಿಫ್ಟಿನಲ್ಲಾಗಲಿ, ತರಕಾರಿ ಗಾಡಿಯ ಮುಂದಾಗಲಿ, ಎದುರಿಗಿದ್ದವರನ್ನೇ ಆಡಿಕೊಳ್ಳಬೇಕಾದಾಗ ಕನ್ನಡಕ್ಕೆ ಇಳಿದುಬಿಡುವುದು. ಆ ಚಾಳಿ ರೇಣುಕಾಗೂ ಇತ್ತು.

"ಸಂಕ್ರಾಂತಿಗೆ ಬಿಲ್ಡಿಂಗೇ ಖಾಲಿ ಇತ್ತಲ್ಲ ಸಾರ್, ನಾನೂ ಇರ್ಲಿಲ್ಲ. ಹತ್ತು ದಿನ ಈ ತೊಟ್ಟಿಗೆ ಬಿದ್ದಿದ್ದು ಇವರ ಮನೆ ನೀರೊಂದೇ. ಊರಿಂದ ಬಂದ ದಿನಾನೇ ನೀವು ಬುಟ್ಟಿ ತುಂಬ ದಾಸವಾಳ ಕಿತ್ಕೊಂಡು ಹೋದ್ರಿ. ನಿಮ್ಮ ದೇವ್ರು ಬ್ಯಾಡ ಅಂದ್ನಾ?"

ಮೂರ್ತಿಗಳು ಬುಟ್ಟಿಯತ್ತ ನೋಡಿದರು. ಆಮೇಲೆ 'ಅಮ್ಮ' ಹೋಗಿ 'ಮೇಡಂ' ಬಂತು.

"ಸರಿ ಮೇಡಂ. ಸಂಜೆ ಮೀಟಿಂಗ್ ಕರೀತೀನಿ. ತೊಟ್ಟಿ ಒಡೆಸಿ ಕಾರ್ ಪಾರ್ಕಿಂಗ್ ಮಾಡಿ ಅಂತ ಹತ್ತು ಮನೆಯೋರು ಮೊದಲಿಂದ ಹೇಳ್ತಾನೇ ಇದ್ದಾರೆ. ನಾನೇ ತಡೆದಿಟ್ಟಿದ್ದೆ. ಪೈಪು ಉಳೀಬೇಕಾ, ತೊಟ್ಟಿ ಉಳೀಬೇಕಾ, ನೀವೇ ಹೇಳಿಬಿಡಿ."

ಪೈಪು ತೆಗೆದರೆ ಏನಾಗುತ್ತದೆಂದು ರೇಣುಕಾಗೆ ಚೆನ್ನಾಗಿ ಗೊತ್ತಿತ್ತು. ಆ ಒಂದು ಕೋಣೆಯ ಬಾಗಿಲ ಮುಂದೆ ಮತ್ತೆ ಕಪ್ಪು ನೀರು ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಕಮಲಾಕ್ಷಿಯ ಅತ್ತೆ ಡೆಂಗಿ ಜ್ವರ ಹಿಡಿದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದಕ್ಕೇ ಅವಳು ಪೈಪು ಜೋಡಿಸಿದ್ದು. ಆದರೆ ತೊಟ್ಟಿ? ಎರಡು ವರ್ಷದ ದುಡಿಮೆ?

"ಆತು ಸಾರ್, ತೆಗೆಸ್ತೀನಿ," ಎಂದಳು. ಅಂದ ಕೂಡಲೇ ತನ್ನ ಮೇಲೇ ಅಸಹ್ಯವಾಯಿತು. ಆ ಅಸಹ್ಯವನ್ನು ನುಂಗಿಕೊಂಡು ಕಮಲಾಕ್ಷಿಯ ಕಡೆ ತಿರುಗಿ, ಪೈಪು ಸೋರುತ್ತಿದೆಯೆಂದೂ, ರಿಪೇರಿಗೆ ನಾಲ್ಕು ದಿನ ಬಿಚ್ಚಿಡಬೇಕೆಂದೂ ತೆಲುಗಿನಲ್ಲಿ, ನಗುನಗುತ್ತಲೇ ಹೇಳಿದಳು.

ಕಮಲಾಕ್ಷಿ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು. ಒಂದು ಕಾಲನ್ನು ಕಟ್ಟೆಗೆ ಕೊಟ್ಟು, ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಜಗ್ಗಿಗೆ ಕಿತ್ತಳು.

"ಸೋರ್ತಾ ಇಲ್ಲ ಅಕ್ಕ," ಎಂದಳು ಕನ್ನಡದಲ್ಲಿ. "ಬೆಂಗಳೂರಲ್ಲಿ ಎಂಟು ವರ್ಷ ಗಾರೆ ಹೊತ್ತಿದೀನಿ. ನಂಗೆ ಕನ್ನಡ ಬರ್ತದಾ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ."

ಮೂರ್ತಿಗಳು ಬುಟ್ಟಿ ಎತ್ತಿಕೊಂಡು, ತಿರುಗಿಯೂ ನೋಡದೆ ಲಿಫ್ಟಿನ ಕಡೆ ನಡೆದೇಬಿಟ್ಟರು.

"ಕಮಲಾಕ್ಷಿ, ನಾನು ನಿನ್ನ ಪರವಾಗೇ..."

"ಕೇಳಿಸ್ಕೊಂಡೆ. ಪೂರ್ತಿ ಕೇಳಿಸ್ಕೊಂಡೆ. ಮೂರ್ತಿಗಾರು ಅನ್ನೋದನ್ನ ಅವರ ಭಾಷೇಲಿ ಅಂದ್ರು. ನೀವು ನನ್ನ ಭಾಷೇಲಿ ಸುಳ್ಳು ಹೇಳಿದ್ರಿ."

ಕೋಣೆಯಲ್ಲಿ ಅತ್ತೆ ಸ್ನಾನಕ್ಕೆ ಕೂತಿದ್ದಳೇನೋ, ಕಿತ್ತ ಪೈಪಿನ ಬಾಯಿಂದ ಸೋಪಿನ ನೀರು ಗಳಗಳನೆ ನೆಲಕ್ಕೆ ಸುರಿದು ಹರಡತೊಡಗಿತು. ರೇಣುಕಾ ಪೈಪನ್ನು ಹಿಡಿದು ಮತ್ತೆ ತೊಟ್ಟಿಗೆ ತೂರಿಸಲು ದಡಬಡಿಸಿ ಮುಂದೆ ಬಂದಳು. ಕಮಲಾಕ್ಷಿ ತೋಳು ಅಡ್ಡ ಹಿಡಿದಳು.

"ದೂರ ನಿಲ್ಲಿ ಅಕ್ಕ. ನಮ್ಮ ನೀರಿಗೆ ನಿಮ್ಮ ಕಾಲು ತಗಲೋದು ಬೇಡ."