ಗಂಡನ ದನಿಯ ಮನೆ

ವಿಮೆ ಮಾಡಿಸಿದ ಮನೆ ಕೇಳಿದ್ದಕ್ಕೆ ತಾನೇ ಉತ್ತರ ಹೇಳುತ್ತದೆ; ಅದು ಬಾಯಿಬಿಟ್ಟ ಮೇಲೆ ಮನೆಯೊಡತಿಯ ಮಾತಿಗೆ ಕಿಮ್ಮತ್ತಿಲ್ಲ. ಇದು ಧಾರವಾಡದ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ನೀಲವ್ವ ಸುಟ್ಟ ಪಡಸಾಲೆಯಲ್ಲಿ ಧೈರ್ಯವಾಗಿಯೇ ನಿಂತಿದ್ದಳು. ಪಾಲಿಸಿ ಮಾಡಿಸುವಾಗ ಮನೆಗೆ ದನಿ ಕೊಟ್ಟವನು ಮೊನ್ನೆ ತೀರಿಕೊಂಡ ಅವಳ ಗಂಡ ಚನ್ನಪ್ಪನೇ. ಅವಳು ರೊಟ್ಟಿ ಹೊತ್ತಿಸಿದರೂ "ಆಕಿನ್ನ ಮಾತಿಗೆ ಎಳಕೊಂಡು ಕುಂತಾಂವ ನಾನೇ" ಎಂದು ತನ್ನ ಅವ್ವನ ಬೈಗುಳವನ್ನು ತಾನೇ ತಿನ್ನುತ್ತಿದ್ದ ಮನುಷ್ಯ. ಅವನ ದನಿ ತನ್ನನ್ನು ಬಿಟ್ಟುಕೊಟ್ಟೀತೇ?

"ವೈರಿಂಗ್ ಸುಟ್ಟು ಬೆಂಕಿ ಹತ್ತೇತ್ರಿ," ಎಂದಳು.

ವಿಮಾ ಕಂಪನಿಯ ಸರ್ವೇಯರ್ ಅವಳತ್ತ ನೋಡಲೂ ಇಲ್ಲ, ಗೋಡೆಯನ್ನೇ ಕೇಳಿದ. "ಬೆಂಕಿ ಹೆಂಗ ಹತ್ತಿತು?"

"ದೀಪದಿಂದ್ರಿ," ಎಂದಿತು ಗೋಡೆ, ಚನ್ನಪ್ಪನ ಅದೇ ಮೆತ್ತನೆಯ ದನಿಯಲ್ಲಿ. "ಹಚ್ಚಿಟ್ಟು ಆಕಿ ಮಲಗಿದ್ಲು."

ನೀಲವ್ವ ಗೋಡೆಗೆ ಅಂಗೈ ಒತ್ತಿದಳು. "ಜೀವ ಹೋದ ಜಾಗಾದಾಗ ಹಚ್ಚಿದ ದೀಪ ದಿನಕರ್ಮ ಮಾಡೋತನಕ ಆರಬಾರದಲ್ರೀ! ನಿಮಗ ಗೊತ್ತಿಲ್ಲೇನು? ಹೇಳ್ರೀ ಅವರಿಗೆ!"

ಗೋಡೆ ಅವಳಿಗೆ ಉತ್ತರಿಸುವಂತಿರಲಿಲ್ಲ. ಕೇಳುವ ಹಕ್ಕು ಸರ್ವೇಯರನದು ಮಾತ್ರ.

"ದೀಪ ಉರಿಯೋ ಮುಂದ ಯಾರರೆ ಎಚ್ಚರ ಇರಬೇಕಂತ ಪಾಲಿಸಿಯೊಳಗ ಐತಿ ಅಕ್ಕಾರ. ಕ್ಲೇಮ್ ಸಿಗಂಗಿಲ್ಲ," ಎಂದು ಅವನು ಚೀಲ ಹೆಗಲಿಗೇರಿಸಿದ. ಹೊರಡುವ ಮುನ್ನ ರಿವಾಜಿನಂತೆ ಕೊನೆಯ ಪ್ರಶ್ನೆ ಕೇಳಿದ. "ಯಾರ ಸಲುವಾಗಿ ಹಚ್ಚಿದ್ದು?"

"ಆಕಿ ಗಂಡನ ಸಲುವಾಗಿ," ಎಂದಿತು ಚನ್ನಪ್ಪನ ದನಿ. "ಅಂವ ಸತ್ತಾನ್ರಿ."